ಕಂಪ್ಯೂಟರ್ ಕೇಳಿ: ಪರದೆಯ ಮೇಲಿನ ಕೀಟಲೆಗಳು

ಗೆಳೆಯರ, ಸಹೋದ್ಯೋಗಿಗಳ ಕಂಪ್ಯೂಟರ್ ಪರದೆಯ ಮೇಲೆ ಆಡಬಹುದಾದ ನಿರುಪದ್ರವಿ ಕೀಟಲೆಗಳ ಬಗ್ಗೆ ಕೊಡಗಿನ ಓದುಗರು ಕೇಳಿರುವ ಪ್ರಶ್ನೆಗಳು ಈ ಸಲ. ಉತ್ತರಗಳೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ.

ಆಫೀಸಿನಲ್ಲಿ ಸಹೋದ್ಯೋಗಿಯ ಹುಟ್ಟುಹಬ್ಬ. ಡೆಸ್ಕ್‌ಟಾಪ್‌ನ ಚಿತ್ರವನ್ನೇ ವಾಲ್‌ಪೇಪರ್ ಮಾಡಿ, ನಿಜವಾದ ಐಕಾನ್‌ಗಳನ್ನು ಅಡಗಿಸಬೇಕೆಂದಿದ್ದೇವೆ. ಆದರೆ ಚಿತ್ರ ಹಿಗ್ಗಿದಂತೆ ಕಂಡು ಗುಟ್ಟು ರಟ್ಟಾಗುತ್ತದೆ. ಏಕೆ?
– ಓದುಗರೊಬ್ಬರು, ಮಡಿಕೇರಿ

ನೀವು ಬಹುಶಃ ಸ್ನಿಪ್ಪಿಂಗ್ ಟೂಲ್‌ನಲ್ಲಿ ಕೈಯಿಂದ ಎಳೆದು ಚಿತ್ರ ತೆಗೆದಿದ್ದೀರಿ. ಅಂಚಿನಲ್ಲಿ ಚೂರು ಬಿಟ್ಟುಹೋದರೂ ವಿಂಡೋಸ್ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸುತ್ತದೆ, ಅಕ್ಷರಗಳು ಮಸುಕಾಗುತ್ತವೆ. ಅದರ ಬದಲು ವಿಂಡೋಸ್ ಕೀ ಜೊತೆ ಡಿ ಒತ್ತಿ ಎಲ್ಲ ಕಿಟಕಿಗಳನ್ನೂ ಕೆಳಗಿಳಿಸಿ. ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ. ಇಲ್ಲದಿದ್ದರೆ ಕೊನೆಗೆ ಮುಟ್ಟಿದ ಐಕಾನ್‌ನ ಸುತ್ತ ಇರುವ ತಿಳಿ ಚೌಕವೂ ಚಿತ್ರದಲ್ಲಿ ಉಳಿದು, ಅದೊಂದೇ ಸಾಕು ಸಿಕ್ಕಿಬೀಳಲು. ಈಗ ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿ. ಪಿಕ್ಚರ್ಸ್ ಫೋಲ್ಡರ್‌ನ ಒಳಗಿನ ಸ್ಕ್ರೀನ್‌ಶಾಟ್ಸ್‌ನಲ್ಲಿ ಇಡೀ ಪರದೆ ಅಳತೆ ತಪ್ಪದೆ ಸಿಗುತ್ತದೆ. ಮೌಸ್ ಬಾಣ ಅದರಲ್ಲಿ ಮೂಡುವುದಿಲ್ಲ, ಚಿಂತೆ ಬೇಡ.

ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಡೆಸ್ಕ್‌ಟಾಪ್ ಹಿನ್ನೆಲೆಯಾಗಿ ಹಾಕಿ. ಬಳಿಕ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, ವ್ಯೂ, ಶೋ ಡೆಸ್ಕ್‌ಟಾಪ್ ಐಕಾನ್ಸ್ ಎಂಬಲ್ಲಿರುವ ಟಿಕ್ ತೆಗೆಯಿರಿ. ಕಡತಗಳು ಇದ್ದಲ್ಲೇ ಇರುತ್ತವೆ, ಕಾಣುವುದಿಲ್ಲ ಅಷ್ಟೆ. ಎರಡು ಮಾನಿಟರ್ ಇದ್ದರೆ ಎರಡರದ್ದೂ ಸೇರಿ ಒಂದೇ ಉದ್ದದ ಚಿತ್ರ ಬರುತ್ತದೆ. ಅದಕ್ಕೆ ಪರ್ಸನಲೈಸೇಶನ್‌ನ ಬ್ಯಾಕ್‌ಗ್ರೌಂಡ್ ಪುಟದಲ್ಲಿ ಫಿಲ್ ಬದಲು ಸ್ಪ್ಯಾನ್ ಆರಿಸಬೇಕು.

ಟಾಸ್ಕ್‌ಬಾರ್ ಅನ್ನೂ ಅಡಗಿಸಲು ಕೆಲವರು ಹೇಳುತ್ತಾರೆ. ನಮಗೆ ಅದು ಇಷ್ಟವಿಲ್ಲ. ಚಿತ್ರದಲ್ಲಿನ ಗಡಿಯಾರ 10:42ಕ್ಕೇ ನಿಂತಿರುತ್ತದೆ, ಬಾಣ ಕೆಳಗೆ ಹೋದೊಡನೆ ನಿಜವಾದ ಪಟ್ಟಿ ಮೇಲೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸ್ಟಾರ್ಟ್ ಬಟನ್ ಕೆಲಸ ಮಾಡುತ್ತಿದ್ದರೆ ಅವರು ಗಾಬರಿಯಾಗಿ ಪವರ್ ಬಟನ್‌ಗೆ ಕೈ ಹಾಕುವುದಿಲ್ಲ. ಮುಗಿದ ಮೇಲೆ ಅದೇ ಟಿಕ್ ಮತ್ತೆ ಹಾಕಿ. ಹಳೆಯ ವಾಲ್‌ಪೇಪರ್ ಬ್ಯಾಕ್‌ಗ್ರೌಂಡ್ ಪುಟದ ಇತ್ತೀಚಿನ ಚಿತ್ರಗಳ ಸಾಲಿನಲ್ಲಿ ಇರುತ್ತದೆ.

ನೋಟ್‌ಪ್ಯಾಡ್‌ನಲ್ಲಿ ಮೆಸೇಜ್ ಬಾಕ್ಸ್ (ಪರದೆಯ ಮೇಲೆ ಸಂದೇಶದ ಪೆಟ್ಟಿಗೆ ತೋರಿಸುವ) ಆಜ್ಞೆ ಬರೆದು ವಿಬಿಎಸ್, ಅಂದರೆ ವಿಬಿಸ್ಕ್ರಿಪ್ಟ್ ಭಾಷೆಯ ಕಡತವಾಗಿ ಉಳಿಸಿದ್ದೇನೆ. ‘ಈ ಕಂಪ್ಯೂಟರ್‌ಗೆ ಕಾಫಿ ಬೇಕಂತೆ, ಒಂದು ಲೋಟ ತರಿಸುವಿರಾ?’ ಎಂದು ಕೇಳಬೇಕು. ಇಂಗ್ಲಿಷ್‌ನಲ್ಲಿ ಸರಿಯಾಗಿದೆ, ಕನ್ನಡ ಹಾಕಿದರೆ ಏನೇನೋ ಚಿಹ್ನೆಗಳು ಬರುತ್ತವೆ.
– ಓದುಗರೊಬ್ಬರು, ಗೋಣಿಕೊಪ್ಪ

ತೊಂದರೆ ಇರುವುದು ಕಡತ ಉಳಿಸಿದ ರೀತಿಯಲ್ಲಿ. ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ಕ್ರಮದಲ್ಲಿ) ಉಳಿಸುತ್ತದೆ, ವಿಬಿಸ್ಕ್ರಿಪ್ಟ್‌ಗೆ ಅದನ್ನು ಓದಲು ಬರುವುದಿಲ್ಲ. ಸೇವ್ ಆಸ್ ಕಿಟಕಿಯ ಕೆಳಗಡೆ ಎನ್‌ಕೋಡಿಂಗ್ ಎಂದಿರುವಲ್ಲಿ ಯುಟಿಎಫ್-16 ಎಲ್‌ಇ ಆರಿಸಿ ಉಳಿಸಿ. ಯುಟಿಎಫ್-8 ವಿತ್ ಬಿಒಎಂ ಆರಿಸಿದರೆ ಮೊದಲ ಸಾಲಿನಲ್ಲೇ ತಪ್ಪು ಅಕ್ಷರವಿದೆ ಎಂಬ ದೂರು ಬರುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್‌ನಲ್ಲಿ ಟೈಪ್ ಮಾಡಿ ತಂದು ಅಂಟಿಸಿದ್ದರೆ ಎನ್‌ಕೋಡಿಂಗ್ ಬದಲಿಸಿಯೂ ಫಲವಿಲ್ಲ. ಅವು ಒಳಗೆ ಇಂಗ್ಲಿಷ್ ಚಿಹ್ನೆಗಳೇ, ಫಾಂಟ್ ಹೊದಿಸಿದಾಗ ಮಾತ್ರ ಕನ್ನಡ. ಮೆಸೇಜ್ ಬಾಕ್ಸ್‌ನಲ್ಲಿ ಫಾಂಟ್ ಬದಲಿಸುವ ಅವಕಾಶವೇ ಇಲ್ಲ. ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ.

ಆಜ್ಞೆಯಲ್ಲಿ ವಾಕ್ಯದ ನಂತರ ಬರೆಯುವ ಸಂಖ್ಯೆಯೇ ಪೆಟ್ಟಿಗೆಯ ರೂಪ ನಿರ್ಧರಿಸುತ್ತದೆ. 16 ಹಾಕಿದರೆ ಕೆಂಪು ಕತ್ತರಿ ಗುರುತು, 48 ಹಾಕಿದರೆ ಹಳದಿ ತ್ರಿಕೋನ, 64 ಹಾಕಿದರೆ ನೀಲಿ ಗುರುತು. ಯೆಸ್, ನೋ ಎಂಬ ಎರಡು ಬಟನ್ ಬೇಕಿದ್ದರೆ 4 ಕೂಡಿಸಿ. ನಿಮ್ಮ ಕಾಫಿಯ ಪ್ರಶ್ನೆಗೆ 64ಕ್ಕೆ 4 ಸೇರಿಸಿ 68 ಹಾಕಿದರೆ ಚೆನ್ನ. ಕೆಂಪು ಗುರುತು ಹಾಕಿದರೆ ನಗು ಬರುವ ಮೊದಲೇ ಎದೆ ಧಸಕ್ಕೆನ್ನುತ್ತದೆ.

ಪೆಟ್ಟಿಗೆ ಮುಚ್ಚಿದಷ್ಟೂ ಮತ್ತೆ ಮತ್ತೆ ತೆರೆಯುವ ಲೂಪ್ ಬರೆಯಬೇಡಿ. ಬರೆದು ಸಿಕ್ಕಿಕೊಂಡಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಕ್ರಿಪ್ಟ್ ಹೋಸ್ಟ್ ಎಂದಿರುವುದನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ. ಕಡತವನ್ನು ಮೇಲ್‌ನಲ್ಲಿ ಕಳಿಸುವ ಯೋಚನೆಯೂ ಬೇಡ. ಜಿಮೇಲ್ ಅದನ್ನು ತಡೆಯುತ್ತದೆ, ತಡೆಯುವುದು ಸರಿಯೂ ಹೌದು: 2000ದ ಮೇ ತಿಂಗಳಲ್ಲಿ ಲೋಕವೆಲ್ಲ ಹಬ್ಬಿದ ‘ಐ ಲವ್ ಯೂ’ ವೈರಸ್ ಇದೇ ಬಗೆಯ ಕಡತವಾಗಿತ್ತು. ಅಂಥದ್ದನ್ನು ತೆರೆಯುವ ಅಭ್ಯಾಸವನ್ನು ಗೆಳೆಯರಿಗೆ ನಾವೇ ಕಲಿಸಬಾರದು. ಮೈಕ್ರೋಸಾಫ್ಟ್ 2023ರಲ್ಲೇ ವಿಬಿಸ್ಕ್ರಿಪ್ಟ್‌ಗೆ ವಿದಾಯ ಘೋಷಿಸಿದೆ, ಹಾಗಾಗಿ ಮುಂದೆ ಬರುವ ವಿಂಡೋಸ್‌ನಲ್ಲಿ ಇದು ನಡೆಯದಿದ್ದರೆ ಅಚ್ಚರಿಪಡಬೇಡಿ.

ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಅಣ್ಣನಿಗೆ ‘ಅಪ್‌ಡೇಟ್ ಆಗುತ್ತಿದೆ’ ಎಂಬ ನಕಲಿ ಪುಟವನ್ನು ಪರದೆ ತುಂಬ ತೋರಿಸಿದೆವು. ಅವರು ಪವರ್ ಬಟನ್ ಒತ್ತಿಹಿಡಿದು ಆರಿಸಿಬಿಟ್ಟರು. ಆ ದಿನದ ಕಾಫಿ ಹಣ್ಣಿನ ತೂಕದ ಎಕ್ಸೆಲ್ ಪಟ್ಟಿ ಹೋಯಿತು. ವಾಪಸ್ ಬರುತ್ತದೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಬಹುಪಾಲು ಬರುತ್ತದೆ. ಆ ಕಂಪ್ಯೂಟರ್‌ನಲ್ಲಿ ಬೇರೇನೂ ಮಾಡುವ ಮೊದಲು ಎಕ್ಸೆಲ್ ತೆರೆಯಿರಿ. ಕಡತವನ್ನು ಮೊದಲೇ ಒಮ್ಮೆ ಉಳಿಸಿದ್ದರೆ ಎಡಗಡೆ ಡಾಕ್ಯುಮೆಂಟ್ ರಿಕವರಿ ಪಟ್ಟಿ ತಾನಾಗಿ ಕಾಣಿಸಬೇಕು. ಒಮ್ಮೆಯೂ ಉಳಿಸಿರದಿದ್ದರೆ ಫೈಲ್, ಇನ್‌ಫೋ, ಮ್ಯಾನೇಜ್ ವರ್ಕ್‌ಬುಕ್, ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್ ಎಂಬ ದಾರಿಯಲ್ಲಿ ಹೋಗಿ. ಸಿಕ್ಕಿದೊಡನೆ ಬೇರೆ ಹೆಸರಿನಲ್ಲಿ ಉಳಿಸಿ. ಎಕ್ಸೆಲ್ ತಾನಾಗಿ ನಕಲು ಇಟ್ಟುಕೊಳ್ಳುವುದು 10 ನಿಮಿಷಕ್ಕೊಮ್ಮೆ. ಕೊನೆಯ ನಕಲಿನ ನಂತರ ತುಂಬಿದ ಸಾಲುಗಳು ಸಿಗುವುದಿಲ್ಲ, ಅವನ್ನು ತೂಕದ ಚೀಟಿ ನೋಡಿ ಮತ್ತೆ ಬರೆಯಬೇಕು. ಆ ಕೆಲಸ ರೈಟರ್ ಅಣ್ಣನಿಗೆ ಬಿಡಬೇಡಿ, ನೀವೇ ಕೂತು ತುಂಬಿಸಿಕೊಡಿ. ಕೊಯ್ಲಿನ ಸಮಯದಲ್ಲಿ ಕೆಲಸದವರ ಕೂಲಿ ನಿಂತಿರುವುದು ಆ ಕಿಲೋ ಲೆಕ್ಕದ ಮೇಲೆ.

ಈ ಕೀಟಲೆಯನ್ನು ನಾವು ಯಾರಿಗೂ ಹೇಳಿಕೊಡುವುದಿಲ್ಲ. ಪರದೆ ನಿಂತಂತೆ ಕಂಡರೆ ಬಹಳ ಜನ ಪವರ್ ಬಟನ್ನನ್ನೇ ಒತ್ತುತ್ತಾರೆ. ವಿಂಡೋಸ್ ಕೆಟ್ಟುನಿಂತಿತೆಂದು ಹೇಳುವ ನಕಲಿ ನೀಲಿ ಪರದೆಯದ್ದೂ ಇದೇ ಕಥೆ. ಮಳೆಗಾಲದಲ್ಲಿ ಕರೆಂಟು ಹೋಗಿಬಂದು ಕಂಪ್ಯೂಟರ್ ನಿಜವಾಗಿಯೇ ಕೈಕೊಡುವ ನಮ್ಮೂರುಗಳಲ್ಲಂತೂ ಅದನ್ನು ತಮಾಷೆ ಎಂದು ಯಾರೂ ಎಣಿಸುವುದಿಲ್ಲ, ಸೀದಾ ರಿಪೇರಿಯವರಿಗೆ ಫೋನ್ ಹೋಗುತ್ತದೆ. ಬದಲಿಗೆ ಆಕ್ಸೆಸಿಬಿಲಿಟಿ (ವಿಂಡೋಸ್ 10ರಲ್ಲಿ ಈಸ್ ಆಫ್ ಆಕ್ಸೆಸ್) ಸೆಟ್ಟಿಂಗ್‌ನ ಕಲರ್ ಫಿಲ್ಟರ್ಸ್‌ನಲ್ಲಿ ಗ್ರೇಸ್ಕೇಲ್ ಹಾಕಿ. ಪರದೆ ಹಳೆಯ ಕಪ್ಪು-ಬಿಳುಪು ಟಿವಿಯಂತಾಗುತ್ತದೆ, ಕೆಲಸ ಮಾತ್ರ ಎಂದಿನಂತೆ ಸಾಗುತ್ತದೆ. ಅಲ್ಲೇ ಶಾರ್ಟ್‌ಕಟ್ ಆನ್ ಮಾಡಿಟ್ಟರೆ ವಿಂಡೋಸ್, ಕಂಟ್ರೋಲ್, ಸಿ ಒತ್ತಿ ಬಣ್ಣ ಮರಳಿಸಬಹುದು.

ಕಂಟ್ರೋಲ್, ಆಲ್ಟ್, ಕೆಳಬಾಣ ಒತ್ತಿದರೆ ಪರದೆ ತಲೆಕೆಳಗಾಗುತ್ತಿತ್ತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಆಗುತ್ತಿಲ್ಲ.
– ಓದುಗರೊಬ್ಬರು, ಕುಶಾಲನಗರ

ಅದು ವಿಂಡೋಸ್‌ನದಲ್ಲ, ಇಂಟೆಲ್ ಗ್ರಾಫಿಕ್ಸ್ ಡ್ರೈವರ್‌ನ (ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ತಂತ್ರಾಂಶದ) ಸೌಲಭ್ಯ. ಹೊಸ ಡ್ರೈವರ್‌ಗಳಲ್ಲಿ ಅದು ಸಿಗದಿರಬಹುದು. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಓರಿಯಂಟೇಶನ್‌ನಲ್ಲಿ ಲ್ಯಾಂಡ್‌ಸ್ಕೇಪ್ ಫ್ಲಿಪ್ಡ್ ಆರಿಸಿ. ಕೀಪ್ ಚೇಂಜಸ್ ಒತ್ತದಿದ್ದರೆ 15 ಸೆಕೆಂಡಿನಲ್ಲಿ ತಾನೇ ಮೊದಲಿನಂತಾಗುತ್ತದೆ. ಆ 15 ಸೆಕೆಂಡೇ ಸಾಕೆಂಬುದು ನಮ್ಮ ಸಲಹೆ, ಏಕೆಂದರೆ ತಲೆಕೆಳಗಾದ ಪರದೆಯಲ್ಲಿ ಮೌಸ್ ಮೇಲೆ ತಳ್ಳಿದರೆ ಬಾಣ ಕೆಳಗೆ ಓಡುತ್ತದೆ, ಸರಿಪಡಿಸಲು ಹೊರಟವರಿಗೇ ಬೆವರಿಳಿಯುತ್ತದೆ.

ಸಹಕಾರ ಸಂಘದಲ್ಲಿ ಕೆಲಸ. ಪಕ್ಕದ ಮೇಜಿನ ಅಕ್ಕನ ಪಾಸ್‌ವರ್ಡ್ ಗೊತ್ತು. ಅವರಿಲ್ಲದಾಗ ತೆರೆದು ವಾಲ್‌ಪೇಪರ್ ಬದಲಿಸಿದರೆ ತಪ್ಪೇ?
– ಓದುಗರೊಬ್ಬರು, ವಿರಾಜಪೇಟೆ

ಹೌದು, ಮಾಡಬೇಡಿ. ಆ ಕಂಪ್ಯೂಟರ್ ಅಕ್ಕನದಲ್ಲ, ಸಂಘದ್ದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ, ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದನ್ನೇ ತಪ್ಪೆನ್ನುತ್ತದೆ. ಮೇಲಾಗಿ ಆ ಹೊತ್ತಿನಲ್ಲಿ ಸದಸ್ಯರೊಬ್ಬರ ಸಾಲದ ಲೆಕ್ಕ ಏರುಪೇರಾದರೆ ಲಾಗಿನ್ ಆಗಿದ್ದವರು ಅಕ್ಕ ಎಂದೇ ದಾಖಲೆ ಹೇಳುತ್ತದೆ. ಪಾಸ್‌ವರ್ಡ್ ಬದಲಿಸಲು ಅವರಿಗೆ ಇಂದೇ ಹೇಳಿ. ಕೀಟಲೆಯೇ ಬೇಕಿದ್ದರೆ ಮೌಸ್‌ನದ್ದು ಮಾಡಿ, ಅದಕ್ಕೆ ಲಾಗಿನ್ ಬೇಕಿಲ್ಲ.

ಮೌಸ್‌ನ ತಳಕ್ಕೆ ಸೆಲ್ಲೋಟೇಪ್ ಅಂಟಿಸಿದೆ. ಬಾಣ ಮೊದಲಿನಂತೆಯೇ ಓಡುತ್ತಿದೆ!
– ಓದುಗರೊಬ್ಬರು, ಪೊನ್ನಂಪೇಟೆ

ಪಾರದರ್ಶಕ ಟೇಪ್‌ನಲ್ಲಿ ಬೆಳಕು ದಾಟಿಹೋಗುತ್ತದೆ. ಮೌಸ್ ತನ್ನ ಬೆಳಕು ಮೇಜಿಗೆ ಬಡಿದು ಮರಳುವುದನ್ನು ನೋಡಿಯೇ ಚಲನೆ ಅಳೆಯುತ್ತದೆ, ಹಾಗಾಗಿ ಬೆಳಕು ದಾಟದ ಕಾಗದ ಬೇಕು. ಹಳದಿ ಅಂಟುಚೀಟಿಯಿಂದ ಎರಡು ಸೆಂಟಿಮೀಟರ್ ಚೌಕ ಕತ್ತರಿಸಿ, ಎರಡಾಗಿ ಮಡಚಿ, ಅಂಟಿರುವ ಅಂಚು ಪ್ಲಾಸ್ಟಿಕ್‌ಗೆ ತಗಲುವಂತೆ ರಂಧ್ರದ ಮೇಲೆ ಕೂರಿಸಿ. ಗಾಜಿಗೆ ಅಂಟು ತಾಗಬಾರದು. ಚೀಟಿಯ ಹೊರಮೈ ಮೇಲೆ ‘ಹುಟ್ಟುಹಬ್ಬದ ಶುಭಾಶಯ’ ಎಂದೋ ಇನ್ನೇನೋ ಬರೆದಿಡಿ. ಮೌಸ್ ಕೈಕೊಟ್ಟರೆ ಎಲ್ಲರೂ ಮೊದಲು ಮಾಡುವುದು ಅದನ್ನು ಮಗುಚಿ ನೋಡುವುದು.