ದೇವರು ಬದಲಾಗದವನಾದರೆ, ಅಂದು ಗುಣಪಡಿಸಿದವನು ಇಂದು ಏಕೆ ಸುಮ್ಮನಿದ್ದಾನೆ?

ನಿಮ್ಮ ತಂದೆಯವರನ್ನು ಒಮ್ಮೆ ಗುಣಪಡಿಸಿದ ದೇವರು ಈ ಸಲ ಸುಮ್ಮನಿದ್ದಾನೆ. ಅವನು ಬದಲಾದನೋ, ನಿಮ್ಮ ನಂಬಿಕೆ ಕುಂದಿತೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ನನ್ನ ತಾಯಿಯ ಕೊನೆಯ ಏಳು ವಾರಗಳನ್ನು ಹಾಳುಮಾಡಿದವನು.

ಅಮ್ಮನಿಗೆ ಮೊದಲ ಸಲ ಕಾಯಿಲೆ ಬಂದಾಗ ಪ್ರಾರ್ಥಿಸಿದೆವು, ವಾಸಿಯಾಯಿತು. ಆರು ವರ್ಷಗಳ ನಂತರ ಅದೇ ಕಾಯಿಲೆ ಮರುಕಳಿಸಿತು. ನಾನು ಬೈಬಲಿನ ಇಬ್ರಿಯರಿಗೆ 13:8 ವಚನವನ್ನು ಚೀಟಿಯಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ. ಯೇಸು ಕ್ರಿಸ್ತನು ನಿನ್ನೆ ಇದ್ದ ಹಾಗೆ ಇಂದೂ ಇದ್ದಾನೆ, ಎಂದೆಂದಿಗೂ ಹಾಗೆಯೇ ಇರುವನು. ಹಾಗಾದರೆ ನಿನ್ನೆ ಗುಣಪಡಿಸಿದವನು ಇಂದೂ ಗುಣಪಡಿಸಲೇಬೇಕು. ಇಲ್ಲವಾದರೆ ವಚನವೇ ಸುಳ್ಳು. ಇದು ನನ್ನ ಲೆಕ್ಕ.

ಒಂದು ಸಂಜೆ ಅಮ್ಮ, "ನಾನು ಹೋದ ಮೇಲೆ..." ಎಂದು ಏನೋ ಹೇಳಲು ಹೊರಟರು. "ಅದು ಅಪನಂಬಿಕೆಯ ಮಾತು" ಎಂದು ಬಾಯಿ ಮುಚ್ಚಿಸಿದೆ. ಮತ್ತೆ ಅವರು ಆ ಮಾತನ್ನು ಎತ್ತಲಿಲ್ಲ. ಆ ವಾಕ್ಯದ ಉಳಿದ ಭಾಗ ಏನಿತ್ತೆಂದು ನನಗೆ ಇವತ್ತಿಗೂ ತಿಳಿಯದು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಬದಲಾಗದಿರುವುದು ದೇವರ ಗುಣ: ಅವನ ಪ್ರೀತಿ, ಪರಿಶುದ್ಧತೆ, ಕೊಟ್ಟ ವಾಗ್ದಾನ. ನಾನು ಅದನ್ನು ಅವನು ಕೆಲಸ ಮಾಡುವ ರೀತಿಗೆ ಕಟ್ಟಿಹಾಕಿದೆ. ಒಮ್ಮೆ ಸಿಕ್ಕಿದ ಕೃಪೆಯನ್ನು ಕರಾರುಪತ್ರ ಮಾಡಿಕೊಂಡೆ. ಗೋಡೆಗೆ ಅಂಟಿಸುವ ಮುನ್ನ ಹಿಂದಿನ ವಚನವನ್ನಾದರೂ ಓದಿದ್ದೆನೇ? ಅದು ಹಿಂದೆ ನಡೆಸಿದ ಸಭಾನಾಯಕರ ಬಾಳಿನ ಅಂತ್ಯವನ್ನು ನೆನೆಯಿರಿ ಎನ್ನುತ್ತದೆ. ನಾಯಕರು ದಾಟಿಹೋದರು, ಕ್ರಿಸ್ತನು ಉಳಿದಿದ್ದಾನೆ ಎಂದು ಹೇಳುವ ವಚನವನ್ನು ನಾನು ಯಾರೂ ಸಾಯುವುದಿಲ್ಲ ಎಂದು ಓದಿಕೊಂಡಿದ್ದೆ!

ಅಪೊಸ್ತಲರ ಕೃತ್ಯಗಳು 12 ನೋಡಿ. ಅದೇ ಹೆರೋದ ರಾಜ, ಅದೇ ಕ್ರೈಸ್ತ ಸಭೆ. ಯೇಸುವಿನ ಇಬ್ಬರು ಶಿಷ್ಯರಲ್ಲಿ ಯಾಕೋಬನು ಕತ್ತಿಗೆ ಬಲಿಯಾದ, ಪೇತ್ರನು ಸೆರೆಮನೆಯಿಂದ ಹೊರಬಂದ. ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರೇ ಅವನು ಬಾಗಿಲು ತಟ್ಟಿದಾಗ ನಂಬದೆ, ಸುದ್ದಿ ತಂದ ಹುಡುಗಿಗೆ ಹುಚ್ಚು ಎಂದರು. ನಂಬಿಕೆಯನ್ನು ತಕ್ಕಡಿಯಲ್ಲಿ ತೂಗುವ ಬೋಧಕರು ಈ ಅಧ್ಯಾಯವನ್ನು ಅವಸರದಲ್ಲಿ ದಾಟಿಬಿಡುತ್ತಾರೆ.

ಅಮ್ಮ ತೀರಿಕೊಂಡ ಮೇಲೆ ಎರಡು ವರ್ಷ ನಾನು ಆರಾಧನೆಗೆ ಹೋಗಲಿಲ್ಲ. ದೇವರಿಗೆ ಆಡಬಾರದ ಮಾತುಗಳನ್ನಾಡಿದೆ. ಹಿಂದಿರುಗಿ ಬರುವ ಧೈರ್ಯ ಕೊಟ್ಟದ್ದು ಮಲಾಕಿ 3:6. ನಾನು ಮಾರ್ಪಟ್ಟಿಲ್ಲ ಎಂದ ದೇವರು, ಆದ್ದರಿಂದಲೇ ನೀವು ನಾಶವಾಗಲಿಲ್ಲ ಎನ್ನುತ್ತಾನೆ. ಅದೂ ದಶಮಾಂಶದಲ್ಲಿ, ಅಂದರೆ ದೇವರಿಗೆ ಕೊಡಬೇಕಾದ ಹತ್ತನೇ ಪಾಲಿನಲ್ಲಿ, ತನ್ನನ್ನು ವಂಚಿಸುತ್ತಿದ್ದ ಜನರಿಗೆ. ನನ್ನ ಸಿಟ್ಟಿಗೆ ತಕ್ಕಂತೆ ಅವನ ಮನಸ್ಸೂ ತಿರುಗುವಂತಿದ್ದರೆ ನಾನು ಯಾವ ಮುಖ ಹೊತ್ತು ಬರುತ್ತಿದ್ದೆ?

ಪ್ರಾರ್ಥನೆ ನಿಲ್ಲಿಸಬೇಡಿ, ಗುಣವಾಗಲಿ ಎಂದೇ ಬೇಡಿಕೊಳ್ಳಿ. ನಂಬಿಕೆ ಹೆಚ್ಚಿಸಿಕೊಳ್ಳುವ ಕಸರತ್ತು ಮಾತ್ರ ಬಿಡಿ. ಇಂದು ರಾತ್ರಿ ತಂದೆಯವರ ಬಳಿ ಕುಳಿತುಕೊಳ್ಳಿ. ಅವರು "ನಾನು ಹೋದ ಮೇಲೆ" ಎಂದರೆ, ಮುಂದೆ ಹೇಳಲು ಬಿಡಿ.