ಪಿಯುಸಿಯಲ್ಲಿ 57% ಬಂದಿದೆ, ಡಿಗ್ರಿಗೆ ಫೀ ಕಟ್ಟಲು ದುಡ್ಡಿಲ್ಲ. ಲೋನ್ ಮಾಡಲಾ?

ಅಪ್ಪ ಗಾರೆ ಕೆಲಸ ಮಾಡ್ತಾರೆ, ಖಾಸಗಿ ಕಾಲೇಜಿನಲ್ಲಿ ಬಿಸಿಎಗೆ ವರ್ಷಕ್ಕೆ 90 ಸಾವಿರ ಕೇಳ್ತಿದ್ದಾರೆ, ಅಂಕ ಕಡಿಮೆ ಇರೋದ್ರಿಂದ ಸ್ಕಾಲರ್‌ಶಿಪ್ ಸಿಗಲ್ಲ, ಲೋನ್ ಒಂದೇ ದಾರಿ ಅಂತ ಬರೆದಿದ್ದೀರಿ. 57ರ ಜಾಗದಲ್ಲಿ 54 ಅಂತ ಹಾಕಿದರೆ ಅದು 2019ರಲ್ಲಿ ನಾನು. ತಿಪಟೂರು ಕಡೆಯ ಹಳ್ಳಿ, ಕಾಮರ್ಸ್, ಮನೆಯಲ್ಲಿ ಡಿಗ್ರಿಗೆ ಅಂತ ಹೊರಟ ಮೊದಲನೆಯವನು. ಅಪ್ಪನಿಗೆ ಇದ್ದದ್ದು ಒಂದೂವರೆ ಎಕರೆ ತೆಂಗಿನ ತೋಟ. ಅದಕ್ಕಿಂತ ಎರಡು ಮೂರು ವರ್ಷ ಹಿಂದಿನ ಬರದಲ್ಲಿ ಅರ್ಧ ಮರಗಳ ಸುಳಿಯೇ ಒಣಗಿ ಹೋಗಿತ್ತು. ಉಳಿದ ಮರಗಳ ಕೊಬ್ಬರಿ ಮಾರಿದ ದುಡ್ಡು ಕೈಸಾಲದ ಬಡ್ಡಿಗೆ ಸರಿಹೋಗ್ತಿತ್ತು.

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಥೆ. ಆ ಕಾಲೇಜೂ ಬೇಡ, ಆ ಲೋನೂ ಬೇಡ. ಅಂಕ ಕಡಿಮೆ ಇರೋದು ನಿಮ್ಮ ತೊಂದರೆಯೇ ಅಲ್ಲ. ನಮ್ಮ ರಾಜ್ಯದಲ್ಲಿ ಬಡ ಮಕ್ಕಳ ಓದಿಗೆ ಸಿಗುವ ದುಡ್ಡಿನಲ್ಲಿ ಹೆಚ್ಚಿನದು ಅಂಕ ನೋಡಿ ಕೊಡುವುದಲ್ಲ. ಮನೆಯ ಆದಾಯ, ಜಾತಿ ಪ್ರವರ್ಗ, ಅಪ್ಪ ಅಮ್ಮನ ಕೆಲಸ, ಊರಿನಿಂದ ಕಾಲೇಜು ಎಷ್ಟು ದೂರ ಅನ್ನುವುದು ನೋಡಿ ಕೊಡುತ್ತಾರೆ. ಈ ದುಡ್ಡು ಕೈತಪ್ಪೋದು ದಾಖಲೆಯಲ್ಲಿ. ನನಗೆ ತಪ್ಪಿದ್ದೂ ಅಲ್ಲೇ.

ತುಮಕೂರಿನ ಸರ್ಕಾರಿ ಕಾಲೇಜಿನಲ್ಲಿ ಬಿಕಾಂಗೆ ಸೇರಿದೆ. ಫೀ ದೊಡ್ಡದಿರಲಿಲ್ಲ, ಒಂದು ತೆಂಗಿನಕಾಯಿ ಲೋಡ್ ಮಾರಿದ ದುಡ್ಡಿನಲ್ಲೇ ಕಟ್ಟಿದ್ವಿ. ಖರ್ಚು ಇದ್ದದ್ದು ಊಟ ಮತ್ತು ರೂಮಿಗೆ. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೆ, ಅದೇ ನಾವು ಬಿಸಿಎಂ ಹಾಸ್ಟೆಲ್ ಅಂತೀವಲ್ಲ, ಅರ್ಜಿ ಹಾಕಿದೆ, ಸೀಟು ಸಿಗಲಿಲ್ಲ. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹಾಸ್ಟೆಲ್‌ನಲ್ಲಿ ಇರುವ ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಅಂಕವೂ ಲೆಕ್ಕಕ್ಕೆ ಬರುತ್ತೆ. ಆದರೆ ಹಾಸ್ಟೆಲ್ ಸಿಗದವರಿಗೆ ಅಂತಲೇ ವಿದ್ಯಾಸಿರಿ ಇದೆ. ಆಗ ತಿಂಗಳಿಗೆ 1500 ರೂಪಾಯಿಯಂತೆ 10 ತಿಂಗಳು, ಅಂದರೆ ವರ್ಷಕ್ಕೆ 15 ಸಾವಿರ, ಊಟ ವಸತಿಗೆ. ಅರ್ಜಿ ಹಾಕಿದೆ, ಮಂಜೂರೂ ಆಯಿತು. ಆ ಧೈರ್ಯದ ಮೇಲೆ ಊರಲ್ಲಿ ಒಬ್ಬರ ಹತ್ತಿರ ನೂರಕ್ಕೆ 3 ರೂಪಾಯಿ ಬಡ್ಡಿಗೆ 20 ಸಾವಿರ ಇಸ್ಕೊಂಡು ಬಂದೆ. ವಿದ್ಯಾಸಿರಿ ದುಡ್ಡು ಬಂದ ಕೂಡಲೇ ತೀರಿಸ್ತೀನಿ ಅಂತ ಅಪ್ಪನಿಗೆ ಹೇಳಿದ್ದೆ.

ಜೊತೆಗೆ ಅರ್ಜಿ ಹಾಕಿದವರಿಗೆಲ್ಲ ಬಂತು. ನನಗೆ ಬರಲಿಲ್ಲ. ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ತೆಗೆದು ನೋಡೋದು, ಮುಚ್ಚೋದು. ಕೊನೆಗೆ ಒಂದು ದಿನ ಪಾವತಿ ವಿಫಲ ಅಂತ ತೋರಿಸಿತು. ಬ್ಯಾಂಕಿಗೆ ಹೋದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನನ್ನ ಫೋಟೋ ಕೆಳಗೆ ನೀಲಿ ಇಂಕಿನ ದುಂಡು ಸೀಲ್, ಪಕ್ಕದಲ್ಲಿ ಆಧಾರ್ ಲಿಂಕ್ ಆಗಿದೆ ಅಂತ ಪೆನ್ನಿನಲ್ಲಿ ಬರೆದದ್ದು. ಅದನ್ನೇ ತೋರಿಸಿದೆ. ಕೌಂಟರಿನಲ್ಲಿದ್ದ ಮೇಡಂ ನನ್ನ ಆಧಾರ್ ನಂಬರ್ ಹಾಕಿ ನೋಡಿ, ಮಾನಿಟರ್ ನನ್ನ ಕಡೆ ತಿರುಗಿಸಿ, "ನಮ್ಮಲ್ಲಿ ಲಿಂಕ್ ಇದೆಯಪ್ಪಾ, ಆದ್ರೆ ಮ್ಯಾಪ್ ಆಗಿರೋದು ಬೇರೆ ಬ್ಯಾಂಕಿಗೆ" ಅಂದರು. ನಾನು ಆ ಬ್ಯಾಂಕಿನ ಮುಖವನ್ನೇ ನೋಡಿರಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆದರೂ ಓದಿ, ಯಾಕಂದ್ರೆ ಇವತ್ತಿಗೂ ನಮ್ಮ ಊರಿನ ಹುಡುಗರು ಇದೇ ಗುಂಡಿಗೆ ಬೀಳ್ತಿದ್ದಾರೆ. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಮಾಡೋದು ಒಂದು. ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಧಾರ್ ಸೀಡಿಂಗ್ ಆಗೋದು ಇನ್ನೊಂದು. ಎರಡೂ ಒಂದೇ ಅಲ್ಲ. ನೀವು ಎಷ್ಟು ಬ್ಯಾಂಕಿನಲ್ಲಿ ಬೇಕಾದರೂ ಆಧಾರ್ ಕೊಟ್ಟು ಖಾತೆ ತೆರೆಯಬಹುದು, ಎಲ್ಲಾ ಕಡೆಯೂ ಲಿಂಕ್ ಅಂತಲೇ ಹೇಳುತ್ತಾರೆ. ಆದರೆ ಎನ್‌ಪಿಸಿಐ ಪಟ್ಟಿಯಲ್ಲಿ ಒಂದು ಆಧಾರ್ ನಂಬರಿನ ಮುಂದೆ ಒಂದೇ ಬ್ಯಾಂಕಿನ ಹೆಸರು ಇರುತ್ತೆ, ಕೊನೆಗೆ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರ್ತೀರೋ ಅದು. ಸರ್ಕಾರ ಸ್ಕಾಲರ್‌ಶಿಪ್ ಕಳಿಸುವಾಗ ನಿಮ್ಮ ಖಾತೆ ನಂಬರ್ ನೋಡೋದೇ ಇಲ್ಲ, ಆಧಾರ್ ನಂಬರಿಗೆ ಕಳಿಸುತ್ತೆ. ಮನೆ ಬದಲಾಯಿಸಿದ ಮೇಲೂ ಹಳೇ ವಿಳಾಸಕ್ಕೇ ಕಾಗದ ಹೋದ ಹಾಗೆ, ದುಡ್ಡು ಆ ಪಟ್ಟಿಯಲ್ಲಿರುವ ಬ್ಯಾಂಕಿಗೇ ಹೋಗುತ್ತೆ. ಅಲ್ಲಿ ಖಾತೆ ಚಾಲ್ತಿಯಲ್ಲಿದ್ದರೆ ಜಮಾ ಆಗುತ್ತೆ, ಇಲ್ಲದಿದ್ದರೆ ವಾಪಸ್.

ನನ್ನ ವಿಷಯದಲ್ಲಿ ಆಗಿದ್ದು ಇಷ್ಟು. ಪಿಯುಸಿಯಲ್ಲಿದ್ದಾಗ ಹೊಸ ಸಿಮ್ ತಗೊಂಡಿದ್ದೆ. ಮೊಬೈಲ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟಾಗ ಜೊತೆಗೇ ಒಂದು ಖಾತೆಯೂ ತೆರೆಯುತ್ತೆ, ಇಲ್ಲಿ ಒತ್ತಿ ಅಂದರು. ಓದದೆ ಟಿಕ್ ಮಾಡಿ ಒತ್ತಿದೆ. ಸಬ್ಸಿಡಿ ದುಡ್ಡು ಇದೇ ಖಾತೆಗೆ ಬರಲಿ ಅನ್ನುವ ಒಪ್ಪಿಗೆ ಅದರಲ್ಲೇ ಇತ್ತು. ಆಮೇಲೆ ಆ ಸಿಮ್ ಬಿಟ್ಟೆ, ಖಾತೆಯ ನೆನಪೂ ಹೋಯಿತು. ಡಿಗ್ರಿಗೆ ಅಂತ ಬ್ಯಾಂಕ್ ಖಾತೆ ತೆರೆದಾಗ ಸೀಲ್ ಹೊಡೆದು ಕೊಟ್ಟಿದ್ದನ್ನು ನೋಡಿ ಎಲ್ಲಾ ಮುಗೀತು ಅಂದುಕೊಂಡೆ. ಸೀಡಿಂಗ್ ಬದಲಾಯಿಸಲು ಬೇರೆ ಫಾರ್ಮ್ ತುಂಬಬೇಕು ಅಂತ ಗೊತ್ತೇ ಇರಲಿಲ್ಲ. ಸರಿ ಮಾಡಿಸುವ ಹೊತ್ತಿಗೆ ಆ ವರ್ಷದ ಲೆಕ್ಕ ಮುಗಿದಿತ್ತು. 15 ಸಾವಿರ ಬರಲೇ ಇಲ್ಲ. ಬಡ್ಡಿ ಮಾತ್ರ ತಿಂಗಳಿಗೆ 600ರಂತೆ ನಿಲ್ಲದೆ ಬಂತು. ಅಮ್ಮನ ಓಲೆ ಅಡ ಇಟ್ಟು ತೀರಿಸಿದ್ವಿ. ಅದನ್ನ ಬಿಡಿಸ್ಕೊಂಡಿದ್ದು ನನಗೆ ಕೆಲಸ ಸಿಕ್ಕಿದ ಮೇಲೆ.

ಅದಕ್ಕೇ ನಿಮ್ಮ ಕೆಲಸ ಇಲ್ಲಿಂದ ಶುರು ಆಗಲಿ. ಯುಐಡಿಎಐನ ಮೈಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಅಲ್ಲಿ ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಎರಡೂ ಕಾಣುತ್ತೆ. ಅದಕ್ಕೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ಬ್ಯಾಂಕಿನಲ್ಲಿ ಓಡಾಡಿಸಿದರೆ ಹತ್ತಿರದ ಪೋಸ್ಟ್ ಆಫೀಸಿಗೆ ಹೋಗಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಸಿ, ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರ ಖಾತೆಗೆ ಬರೋದಕ್ಕೆ, ಸೀಡಿಂಗ್ ಮಾಡಿಕೊಡಿ ಅಂತ ಬಾಯಿಬಿಟ್ಟು ಕೇಳಿ. ಎರಡನೇ ವರ್ಷದಿಂದ ನನ್ನ ದುಡ್ಡು ಬಂದಿದ್ದು ಹಾಗೆ.

ಇನ್ನು ಲೋನ್ ವಿಷಯ. ನಾಲ್ಕು ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡುತ್ತಾರೆ, ಓದುವಾಗ ಕಂತು ಕಟ್ಟುವಂತಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ಓದುವ ಮೂರು ವರ್ಷವೂ ಬಡ್ಡಿ ಸೇರುತ್ತಲೇ ಇರುತ್ತೆ ಅನ್ನೋದನ್ನ ಯಾರೂ ಒತ್ತಿ ಹೇಳಲ್ಲ. ವರ್ಷಕ್ಕೆ ಮನೆ ಆದಾಯ 4.5 ಲಕ್ಷದೊಳಗೆ ಇರುವವರಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ, ಅದೂ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಿಗೆ, ಕಾಲೇಜು, ಕೋರ್ಸುಗಳ ಗುಣಮಟ್ಟ ಅಳೆಯುವ ನ್ಯಾಕ್ ಇಲ್ಲವೇ ಎನ್‌ಬಿಎ ಸಂಸ್ಥೆಯ ಮಾನ್ಯತೆ ಇರುವ ಕಡೆ ಓದಿದರೆ. ನಿಮ್ಮ ಕಾಲೇಜಿಗೆ ಆ ಮಾನ್ಯತೆ ಇದೆಯಾ ಅಂತ ಕೇಳಿದ್ದೀರಾ? ಅಪ್ಪ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು, ಹಾಗಾಗಿ ಅವರ ಹೆಸರಿನಲ್ಲಿ ಸಂಘದ್ದೋ ಒಡವೆ ಸಾಲವೋ ಬಾಕಿ ಬಿದ್ದಿದ್ದರೆ ಬ್ಯಾಂಕಿನವರು ಅದನ್ನೂ ನೋಡುತ್ತಾರೆ. ಇಂಜಿನಿಯರಿಂಗ್, ನರ್ಸಿಂಗ್ ಥರದ್ದಕ್ಕೆ, ಒಳ್ಳೆಯ ಕಡೆ ಸೀಟು ಸಿಕ್ಕಿದ್ದರೆ ನಾನೇ ಲೋನ್ ಮಾಡಿ ಅಂತಿದ್ದೆ. ಯಾರೂ ಹೆಸರು ಕೇಳದ ಕಾಲೇಜಿನ ಬಿಸಿಎಗೆ ಮೂರು ವರ್ಷಕ್ಕೆ 2.7 ಲಕ್ಷ ಸಾಲ ಮಾಡೋದು ನನಗೆ ಖಂಡಿತ ಒಪ್ಪಿಗೆ ಇಲ್ಲ. ಹೊರಗೆ ಬಂದಾಗ ಮೊದಲ ಸಂಬಳ 15 ಸಾವಿರ ಅಂದುಕೊಳ್ಳಿ, ಅದರಲ್ಲಿ ರೂಮು ಊಟ ಕಳೆದು ಕಂತು ಎಲ್ಲಿಂದ ಕಟ್ಟುತ್ತೀರಿ?

ಸ್ಕಾಲರ್‌ಶಿಪ್‌ನಲ್ಲಿ ಖಾಸಗಿ ಕಾಲೇಜಿನ ಫೀ ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದ್ದರೆ ಅದನ್ನೂ ನಂಬಿ ಸೇರಬೇಡಿ. ಸರ್ಕಾರ ಕೊಡೋದು ತಾನು ನಿಗದಿ ಮಾಡಿದ ಮಟ್ಟಕ್ಕೆ, ಕಾಲೇಜು ಕೇಳಿದಷ್ಟು ಅಲ್ಲ.

ಬಿಸಿಎ ಎಷ್ಟೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇದೆ. ಕಟ್ಟಡ ಚೆನ್ನಾಗಿರಲ್ಲ, ಕಂಪ್ಯೂಟರ್ ಹಳೆಯವು ಇರಬಹುದು, ಅತಿಥಿ ಉಪನ್ಯಾಸಕರು ಬರುವವರೆಗೆ ಕೆಲವು ಪಾಠ ಶುರು ಆಗೋದೂ ತಡ. ಇದೆಲ್ಲ ನಾನೇ ನೋಡಿದ್ದೀನಿ, ಮುಚ್ಚಿಡಲ್ಲ. ಆದರೂ ಅಲ್ಲೇ ಸೇರಿ ಅಂತೀನಿ, ಯಾಕಂದ್ರೆ ಫೀಯಲ್ಲಿ ಉಳಿಯುವ ದುಡ್ಡಿನಲ್ಲಿ ಒಂದು ಒಳ್ಳೆಯ ಲ್ಯಾಪ್‌ಟಾಪ್ ತಗೊಂಡು ಕೋಡಿಂಗ್ ಮನೆಯಲ್ಲೇ ಕಲಿಯಬಹುದು. ಬಸ್ ಖರ್ಚೂ ನಿಮಗಿಲ್ಲ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಇದೆಯಲ್ಲ. ದಿನಾ ಒಂದೊಂದು ಗಂಟೆ ಓಡಾಡುವ ದೂರ ಆದರೆ ಮನೆಯಿಂದಲೇ ಹೋಗಿ ಬನ್ನಿ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದ್ದು ಅಂತ ನೀವು ಬರೆದಿದ್ದೀರಿ. ಹಾಗಾದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೆ ಮೊದಲು ಅರ್ಜಿ ಹಾಕಿ. ಹತ್ತನೇ ತರಗತಿ ಮತ್ತು ಪಿಯುಸಿ ಎರಡೂ ಸರ್ಕಾರಿಯಲ್ಲಿ ಓದಿ, ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30 ಸಾವಿರ. 2025ರಲ್ಲಿ ಕರ್ನಾಟಕದಲ್ಲೂ ಶುರುವಾಯಿತು, ಇಲ್ಲಿ ದೀಪಿಕಾ ಅಂತ ಹೆಸರಿಟ್ಟಿದ್ದಾರೆ. ಇಷ್ಟೇ ಅಂಕ ಬಂದಿರಬೇಕು ಅನ್ನುವ ಷರತ್ತು ಅದರಲ್ಲಿಲ್ಲ. ನಮ್ಮ ಕಾಲದಲ್ಲಿ ಇದಿದ್ದರೆ ನನ್ನ ಜೊತೆ ಪಿಯುಸಿ ಮುಗಿಸಿ ಗಾರ್ಮೆಂಟ್ಸ್‌ಗೆ ಹೋದ ಹುಡುಗಿಯರಲ್ಲಿ ಕೆಲವರಾದರೂ ಡಿಗ್ರಿ ಮುಗಿಸುತ್ತಿದ್ದರು. ಅದನ್ನ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ.

ಅಪ್ಪನಿಗೆ ಲೇಬರ್ ಕಾರ್ಡ್ ಇದೆಯಾ? ಗಾರೆ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಕಾರ್ಡ್ ಇದ್ದವರ ಮಕ್ಕಳ ಓದಿಗೆ ಮಂಡಳಿ ಸಹಾಯಧನ ಕೊಡುತ್ತೆ. ಮೊತ್ತ ಒಂದೇ ಥರ ಇರೋದಿಲ್ಲ, ಬರೋದು ತಡವೂ ಆಗಬಹುದು, ಹಾಗಾಗಿ ಅದನ್ನ ನಂಬಿ ಬಡ್ಡಿಗೆ ಸಾಲ ತರಬೇಡಿ. ಇನ್ನೊಂದು, ಎಲ್ಲಾ ಯೋಜನೆಗೂ ಅರ್ಜಿ ಹಾಕಿದರೆ ಎಲ್ಲದರಿಂದಲೂ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಒಂದೇ ಓದಿಗೆ ಎರಡು ಕಡೆ ಸರ್ಕಾರಿ ದುಡ್ಡು ಸಾಮಾನ್ಯವಾಗಿ ಕೊಡೋದಿಲ್ಲ. ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀವಿ ಅಂತ ಮುಂಗಡ ಕೇಳುವವರ ಹತ್ತಿರ ಮಾತೇ ಬೇಡ.

ಸಂಜೆ ಕೆಲಸದ ಬಗ್ಗೆಯೂ ಯೋಚನೆ ಮಾಡಿ. ಮೊದಲ ವರ್ಷದ ದುಡ್ಡು ಹೋದ ಮೇಲೆ ನಾನು ತುಮಕೂರಿನ ಮಂಡಿಪೇಟೆಯಲ್ಲಿ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಗೆ ಸೇರಿದೆ. ಮೊದಮೊದಲು ಬೆಲ್ಲದ ಪೆಂಟೆ ಎಣಿಸೋದು, ಬಿಲ್ ಬರೆಯೋದು. ಆಮೇಲೆ ಸಾಹುಕಾರರು ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್ ಮುಂದೆ ಕೂರಿಸಿದರು. ಕ್ಲಾಸಿನಲ್ಲಿ ಜರ್ನಲ್ ಎಂಟ್ರಿ ತಲೆಗೆ ಹತ್ತದೆ ಇದ್ದವನು ಅಲ್ಲಿ ನಿಜವಾದ ಬಿಲ್ ಕೈಯಲ್ಲಿ ಹಿಡಿದಾಗ ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಕಲಿತೆ. ಜಿಎಸ್‌ಟಿ ರಿಟರ್ನ್ ಹಾಕೋದೂ ಅಲ್ಲೇ ಕಲಿತದ್ದು. ಡಿಗ್ರಿ ಮುಗಿದ ಮೇಲೆ ಆಡಿಟರ್ ಆಫೀಸಿನಲ್ಲಿ ಕೆಲಸ ಕೊಟ್ಟಾಗ ನನ್ನ ಅಂಕಪಟ್ಟಿ ತಿರುಗಿಸಿಯೂ ನೋಡಲಿಲ್ಲ, ಟ್ಯಾಲಿ ತೆಗೆದು ಒಂದು ತಿಂಗಳ ಲೆಕ್ಕ ಹಾಕಿ ತೋರಿಸು ಅಂದರು. ಬಿಸಿಎ ಓದುವವರಿಗೂ ಇಂಥ ಕೆಲಸ ಊರಲ್ಲೇ ಸಿಗುತ್ತೆ, ಡಿಟಿಪಿ, ಬಿಲ್ಲಿಂಗ್, ಮಕ್ಕಳಿಗೆ ಕಂಪ್ಯೂಟರ್ ಟ್ಯೂಷನ್. ರಾತ್ರಿ ತಡ ಆಗದ ಕಡೆ ನೋಡಿಕೊಳ್ಳಿ.

ಆದಾಯ ಮತ್ತು ಜಾತಿ ಪ್ರಮಾಣಪತ್ರ ಹಳೆಯದಿದ್ದರೆ ಈ ವಾರವೇ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಆದಾಯದ್ದು ಐದು ವರ್ಷಕ್ಕೆ ಮುಗಿಯುತ್ತೆ, ಎಸ್‌ಎಸ್‌ಪಿಯಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕದೆ ಮುಂದೆ ಹೋಗಲು ಆಗಲ್ಲ, ಅರ್ಜಿಯ ಕೊನೆ ದಿನ ಹತ್ತಿರ ಬಂದಾಗ ಅಲ್ಲಿ ಸಾಲು ಬಾಗಿಲು ದಾಟಿರುತ್ತೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೂ ಆಧಾರ್‌ನಲ್ಲಿ ಇರುವ ಹೆಸರೂ ಇನಿಷಿಯಲ್ ಸಮೇತ ಒಂದೇ ಥರ ಇದೆಯಾ ನೋಡಿ, ಇಲ್ಲದಿದ್ದರೆ ಕಾಲೇಜಿಗೆ ಸೇರುವ ಮೊದಲೇ ಆಧಾರ್ ತಿದ್ದಿಸಿ. ಹಾಸ್ಟೆಲ್ ಪಟ್ಟಿ ಬರುವ ತನಕ ಯಾವ ರೂಮಿಗೂ ಅಡ್ವಾನ್ಸ್ ಕೊಡಬೇಡಿ. ಸೀಡಿಂಗ್ ಸ್ಟೇಟಸ್‌ನಲ್ಲಿ ನಿಮಗೆ ಗೊತ್ತಿಲ್ಲದ ಬ್ಯಾಂಕಿನ ಹೆಸರು ಬಂದರೆ ಇಲ್ಲೇ ಕೆಳಗೆ ಬರೆಯಿರಿ, ಬ್ಯಾಂಕಿನಲ್ಲಿ ಯಾವ ಫಾರ್ಮ್ ಕೇಳಬೇಕು, ಹೇಗೆ ತುಂಬಬೇಕು ಅಂತ ಹೇಳ್ತೀನಿ. ಆಧಾರ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ.