ಹಳೇ ಎಂಜಿಬಿಯಲ್ಲಿ ಹಿಂದೇನೂ ಕಾಣಲ್ಲ, ಅಗಲದ ಕನ್ನಡಿ ಹಾಕಿದ್ರೆ ಸರಿಹೋಗತ್ತಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದೀನಿ. ಹೋದ ವರ್ಷ 1972ರ ಎಂಜಿಬಿ ರೋಡ್‌ಸ್ಟರ್ ತಗೊಂಡೆ, ಬಟ್ಟೆ ಚಾವಣಿಯ ಎರಡು ಸೀಟಿನ ಬ್ರಿಟಿಷ್ ಕಾರು, ರೈಟ್ ಹ್ಯಾಂಡ್ ಡ್ರೈವ್. ಗಾಡಿ ಚಿನ್ನದಂಥದ್ದು, ಆದ್ರೆ ವೇಗ ಗಂಟೆಗೆ 50 ಮೈಲಿ ದಾಟಿದ್ರೆ ಒಳಗಿನ ಕನ್ನಡಿಯಲ್ಲಿ ಎಲ್ಲಾ ಮಸುಕು, ಹುಡ್ ಅಂದ್ರೆ ಆ ಬಟ್ಟೆ ಚಾವಣಿ ಹಾಕಿದ್ರಂತೂ ಹಿಂದೇನೂ ಕಾಣಲ್ಲ. ಮುಂದಿನ ಮಡ್‌ಗಾರ್ಡ್ ಮೇಲೆ ಎರಡು ದುಂಡು ಕನ್ನಡಿ ಇದಾವೆ, ಅದರಲ್ಲಿ ಲಾರಿನೂ ಇರುವೆ ಥರ ಕಾಣತ್ತೆ. ರಾತ್ರಿ ಹಿಂದಿನವರ ಲೈಟ್ ಸೀದಾ ಕಣ್ಣಿಗೆ. ಒಳಗಿನ ಕನ್ನಡಿ ಮೇಲೆ ಕ್ಲಿಪ್ ಮಾಡೋ ಅಗಲದ ಕನ್ನಡಿ ಆರ್ಡರ್ ಮಾಡ್ಲಾ? ಬಾಡಿಗೆ ತೂತು ಹೊಡೆಯೋಕೆ ಮನಸ್ಸಿಲ್ಲ.

ಉತ್ತರ: ಆ ಕ್ಲಿಪ್ ಕನ್ನಡಿ ಸದ್ಯಕ್ಕೆ ಆರ್ಡರ್ ಮಾಡ್ಬೇಡಿ. ನಿಮ್ಮ ತೊಂದರೆ ಕನ್ನಡಿ ಚಿಕ್ಕದು ಅನ್ನೋದಲ್ಲ, ಅದು ನಡುಗ್ತಿದೆ ಮತ್ತೆ ಹೊರಗಿನವು ಕಣ್ಣಿಂದ ತೀರಾ ದೂರ ಇದಾವೆ, ಅಷ್ಟೇ. ನಡುಗೋ ಕನ್ನಡಿ ಮೇಲೆ ಇನ್ನೂರು ಮುನ್ನೂರು ಗ್ರಾಂ ಇನ್ನೊಂದು ಕನ್ನಡಿ ನೇತುಹಾಕಿದ್ರೆ ಸ್ವಲ್ಪ ಹೊತ್ತಲ್ಲೇ ಅದು ಬಗ್ಗಿ ನಿಮ್ಮ ಮಡಿಲು ತೋರಿಸೋಕೆ ಶುರು ಮಾಡತ್ತೆ.

ಮೊದಲು ನಡುಕದ ವಿಷಯ, ಯಾಕಂದ್ರೆ ಅದು ಸರಿ ಆಗದೆ ಮಿಕ್ಕಿದ್ದೇನು ಮಾಡಿದ್ರೂ ವೇಸ್ಟ್. ಎಂಜಿಬಿ ರೋಡ್‌ಸ್ಟರ್‌ಗೆ ವಿಂಡ್‌ಸ್ಕ್ರೀನ್ ಮಧ್ಯದಲ್ಲಿ ಕೆಳಗಿಂದ ಮೇಲಕ್ಕೆ ಒಂದು ತೆಳು ರಾಡ್ ಹೋಗತ್ತೆ ನೋಡಿ, ಗಾಜಿನ ಚೌಕಟ್ಟನ್ನ ಹಿಡಿದಿಡೋ ರಾಡ್ ಅದು, ಕನ್ನಡಿನೂ ಅದಕ್ಕೇ ಕಚ್ಚಿಕೊಂಡಿರತ್ತೆ. ರಾಡ್ ಸಡಿಲ ಇದ್ರೆ ಅದು ತಂಬೂರಿ ತಂತಿ ಥರ ಮಿಡಿಯತ್ತೆ, ಕನ್ನಡಿ ಅದರ ಜೊತೆ ಕುಣಿಯತ್ತೆ. ಇದೆಷ್ಟು ದೊಡ್ಡ ವಿಷಯ ಅಂತ ಒಂದು ಲೆಕ್ಕ ಹೇಳ್ತೀನಿ: ಕನ್ನಡಿ ಎಷ್ಟು ತಿರುಗತ್ತೋ ಅದರ ಎರಡರಷ್ಟು ಬೆಳಕು ತಿರುಗತ್ತೆ, ಹಂಗಾಗಿ ಕನ್ನಡಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಅಲ್ಲಾಡಿದ್ರೂ 50 ಮೀಟರ್ ಹಿಂದಿರೋ ಕಾರು ಸುಮಾರು 17 ಸೆಂಟಿಮೀಟರ್ ಆ ಕಡೆ ಈ ಕಡೆ ಜಿಗಿದ ಹಾಗೆ ಕಾಣತ್ತೆ. ಅದೇ ನಿಮ್ಮ ಮಸುಕು, ಗಾಜಿನ ತಪ್ಪಲ್ಲ.

ನಡುಕ ಎಲ್ಲಿಂದ ಅಂತ ಗೊತ್ತುಮಾಡ್ಕೊಳ್ಳೋಕೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಕೊಡ್ತಾ ಕನ್ನಡಿ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 100 ಸಲ ಹೊಡೆತ ಕೊಡತ್ತೆ, ಯಾವುದೋ ಒಂದು ಆರ್‌ಪಿಎಮ್‌ಗೆ ಮಾತ್ರ ಚಿತ್ರ ಮಸುಕಾಗಿ ಮತ್ತೆ ತಿಳಿಯಾದ್ರೆ ರಾಡ್ ಆಗಲಿ, ಕನ್ನಡಿನ ಅದಕ್ಕೆ ಕಚ್ಚಿಸೋ ಕ್ಲ್ಯಾಂಪ್ ಆಗಲಿ ಸಡಿಲ ಅಂತ ಅರ್ಥ. ನಿಂತಾಗ ಏನೂ ಇಲ್ಲ, ಓಡ್ತಾ 50 ಮೈಲಿ ಹತ್ತಿರ ಮಾತ್ರ ನಡುಕ ಅಂದ್ರೆ ಕನ್ನಡಿ ಬಿಡಿ, ಮೊದಲು ವೀಲ್ ಬ್ಯಾಲೆನ್ಸ್ ಮಾಡಿಸಿ, ಆಮೇಲೆ ಎಂಜಿನ್ ಬಲನ ಹಿಂದಿನ ಚಕ್ರಗಳ ಕಡೆ ಒಯ್ಯೋ ಪ್ರೊಪೆಲರ್ ಶಾಫ್ಟ್ ನೋಡಿಸಿ. ಕನ್ನಡಿ ಇಲ್ಲಿ ಸುದ್ದಿ ತಂದವನು ಅಷ್ಟೇ, ರೋಗ ಕೆಳಗಿದೆ.

ರಾಡ್ ಸಡಿಲ ಇದ್ರೆ ಅದರ ಮೇಲಿನ ಕೆಳಗಿನ ಬ್ರಾಕೆಟ್ ಸ್ಕ್ರೂ ಟೈಟ್ ಇದೆಯಾ ನೋಡಿ, ರಾಡ್‌ನ ನಟ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ಬೇಡ, ಅತಿ ಬಿಗಿದ್ರೆ ಮೇಲಿನ ಚೌಕಟ್ಟು ಬಗ್ಗಿ ಗಾಜಿಗೆ ಒತ್ತಡ ಬೀಳತ್ತೆ. ಆಮೇಲೆ ಕ್ಲ್ಯಾಂಪ್ ಬಿಚ್ಚಿ ಹಳೇ ಸೈಕಲ್ ಟ್ಯೂಬಿನ ಒಂದು ಚೂರು ರಾಡ್‌ಗೆ ಸುತ್ತಿ ಅದರ ಮೇಲೆ ಕ್ಲ್ಯಾಂಪ್ ಕೂರಿಸಿ. ನಮ್ಮ ಊರಿನ ಮೆಕ್ಯಾನಿಕ್‌ಗಳು ಎಲ್ಲಕ್ಕೂ ಬಳಸೋ ಉಪಾಯ, ಇಲ್ಲಿ ಚೆನ್ನಾಗೇ ಕೆಲಸ ಮಾಡತ್ತೆ. ಇಷ್ಟಾದ್ರೂ ಸಣ್ಣ ನಡುಕ ಉಳಿದ್ರೆ ವೀಲ್ ಬ್ಯಾಲೆನ್ಸಿಗೆ ಅಂಟಿಸ್ತಾರಲ್ಲ ಆ ಪುಟ್ಟ ತೂಕ, ಅದರದ್ದು ಒಂದು ತುಂಡು ಕನ್ನಡಿ ಬೆನ್ನಿಗೆ ಅಂಟಿಸಿ ನೋಡಿ, ನಡುಗೋ ಆರ್‌ಪಿಎಮ್ ಕೆಳಗೆ ಜಾರಿ ನೀವು ಸಾಮಾನ್ಯವಾಗಿ ಓಡಿಸೋ ವೇಗದಿಂದ ಆಚೆ ಹೋಗಬಹುದು. ಇದನ್ನ ರಾಡ್, ಕ್ಲ್ಯಾಂಪ್, ಕನ್ನಡಿ ತಿರುಗೋ ಗುಂಡು ಕೀಲು (ಬಾಲ್ ಜಾಯಿಂಟ್) ಮೂರೂ ಬಿಗಿಯಾದ ಮೇಲಷ್ಟೇ ಮಾಡಿ.

ಆ ರಾಡ್‌ನಲ್ಲಿ ಒಂದು ಒಳ್ಳೇದೂ ಇದೆ, ಕನ್ನಡಿನ ಮೇಲೆ ಕೆಳಗೆ ಜಾರಿಸಬಹುದು. ಕೆಲವರು ಕಣ್ಣಿನ ಸಮಕ್ಕೇ ಇಟ್ಟುಕೊಂಡಿರ್ತಾರೆ, ಎಡಗಡೆಯಿಂದ ಬರೋ ಸೈಕಲ್, ಜೀಬ್ರಾ ಕ್ರಾಸಿಂಗಲ್ಲಿ ನಿಂತಿರೋರು ಪೂರ್ತಿ ಅದರ ಹಿಂದೆ ಮರೆ ಆಗಿಬಿಡ್ತಾರೆ. ಮೊದಲು ಸೀಟು ನೀವು ನಿಜವಾಗಲೂ ಓಡಿಸೋ ಜಾಗಕ್ಕೆ ತನ್ನಿ, ಆಮೇಲೆ ಹುಡ್ ಮಡಚಿಟ್ಟಾಗ ಹಿಂದಿರೋ ಬಟ್ಟೆ ಗಂಟಿನ ಮೇಲಿಂದ ರಸ್ತೆ ಕಾಣೋ ಹಾಗೆ ಒಂದು ಎತ್ತರ, ಹುಡ್ ಹಾಕಿದಾಗ ಹಿಂದಿನ ಕಿಟಕಿ ಮಧ್ಯ ಕಾಣೋ ಹಾಗೆ ಇನ್ನೊಂದು ಎತ್ತರ, ಎರಡಕ್ಕೂ ರಾಡ್ ಮೇಲೆ ಸಣ್ಣ ಟೇಪ್ ಗುರುತು ಹಾಕ್ಕೊಳ್ಳಿ.

ಹುಡ್ ಹಾಕಿದಾಗ ಕಾಣಲ್ಲ ಅಂದ್ರಿ, ಅದರ ಕಿಟಕಿ ಪಿವಿಸಿ ಹಾಳೆ, ಬಿಸಿಲಿಗೆ ಹಳದಿ ಆಗತ್ತೆ, ಮಡಿಕೆ ಬಿದ್ದಲ್ಲಿ ಬೆಳ್ಳಗಾಗತ್ತೆ. ನೀರು ಹಾಕಿ ಧೂಳು ತೊಳೆಯದೆ ಒಣಬಟ್ಟೆಲಿ ಉಜ್ಜಬೇಡಿ, ಚಳಿಯಲ್ಲಿ ಮಡಚಬೇಡಿ, ಮಡಚೋವಾಗ ಮಧ್ಯೆ ಮೆತ್ತನೆ ಹಳೇ ಪಂಚೆ ತುಂಡು ಇಡಿ. ಮೇಲ್ಮೈ ಗೀರು ಆದ್ರೆ ಪ್ಲಾಸ್ಟಿಕ್ ಪಾಲಿಶ್‌ಗೆ ಹೋಗತ್ತೆ, ಒಳಗೇ ಹಳದಿ ಆಗಿದ್ರೆ ಆಗಲ್ಲ, ಕಿಟಕಿ ಹಾಳೆ ಮಾತ್ರ ಹೊಲಿಸ್ಕೊಳ್ಳಿ.

ಈಗ ಮಡ್‌ಗಾರ್ಡ್ ಮೇಲಿನವು. 1978ಕ್ಕೆ ಮುಂಚಿನ ಕಾರಿಗೆ ಅಲ್ಲಿನ ಕಾನೂನು ಎರಡು ಕನ್ನಡಿ ಕೇಳಲ್ಲ, ಆ ಕಾಲದಲ್ಲಿ ಅವು ಹೆಚ್ಚಿಗೆ ಹಾಕಿಸ್ಕೊಂಡವು, ನೋಡೋಕೆ ತುಂಬಾ ಚಂದ ಅಂತ ನಾನೂ ಒಪ್ತೀನಿ. ಆದ್ರೆ ಅವು ನಿಮ್ಮ ಕಣ್ಣಿಂದ ಸುಮಾರು ಒಂದೂವರೆ ಮೀಟರ್ ದೂರ ಇದಾವೆ. 10 ಸೆಂಟಿಮೀಟರ್ ಅಗಲದ ಸಪಾಟು ಕನ್ನಡಿ ಅಷ್ಟು ದೂರದಲ್ಲಿ 4 ಡಿಗ್ರಿಗೂ ಕಡಿಮೆ ತೋರಿಸತ್ತೆ, ಅದನ್ನೇ ಬಾಗಿಲ ಮೇಲೆ ಕಣ್ಣಿಂದ 70 ಸೆಂಟಿಮೀಟರಿಗೆ ತಂದ್ರೆ 8 ಡಿಗ್ರಿ. ಉಬ್ಬು ಕನ್ನಡಿ ಆದ್ರೆ, 1200 ಮಿಲಿಮೀಟರ್ ತ್ರಿಜ್ಯದ್ದು ಅಂತ ಇಟ್ಕೊಳ್ಳಿ, ಬಾಗಿಲಲ್ಲಿ 17 ಡಿಗ್ರಿಗೂ ಜಾಸ್ತಿ ಸಿಗತ್ತೆ. ಆದ್ರೆ ಉಬ್ಬು ಕನ್ನಡಿಗೆ ಬೆಲೆ ತೆರಬೇಕು: 30 ಮೀಟರ್ ಹಿಂದಿರೋ ಕಾರು ಬಾಗಿಲಲ್ಲಿ ಸಪಾಟು ಕನ್ನಡಿಗಿಂತ ಅರ್ಧದಷ್ಟು ಕಾಣತ್ತೆ, ಅದೇ ಮಡ್‌ಗಾರ್ಡ್ ಮೇಲೆ ಇದ್ರೆ ಮೂರರಲ್ಲಿ ಒಂದು ಭಾಗಕ್ಕೂ ಕಡಿಮೆ. ಅದಕ್ಕೇ ನಿಮ್ಮ ಲಾರಿ ಇರುವೆ ಆಗಿರೋದು. ನಿಮ್ಮದು ಉಬ್ಬಾ ಸಪಾಟಾ ಅಂತ ತಿಳ್ಕೊಳ್ಳೋಕೆ ಸ್ಟೀಲ್ ಸ್ಕೇಲ್ ಗಾಜಿನ ಮೇಲೆ ಅಡ್ಡ ಇಟ್ಟು ನೋಡಿ, 10 ಸೆಂಟಿಮೀಟರ್ ಗಾಜಿನಲ್ಲಿ ಎರಡೂ ತುದಿಯಲ್ಲಿ ಹತ್ತಿರ ಹತ್ತಿರ 1 ಮಿಲಿಮೀಟರ್ ಸಂದು ಕಂಡ್ರೆ ನಾನು ಹೇಳಿದಷ್ಟೇ ಉಬ್ಬು.

ಹಂಗಾಗಿ ನನ್ನ ಸಲಹೆ, ಒಳಗೆ ಸಪಾಟು, ಬಾಗಿಲ ಮೇಲೆ ಎರಡೂ ಕಡೆ ಉಬ್ಬು. ದೂರ ಎಷ್ಟಿದೆ ಅಂತ ಒಳಗಿನ ಕನ್ನಡಿ ಕೇಳಿ, ಪಕ್ಕದಲ್ಲಿ ಯಾರಿದಾರೆ ಅಂತ ಹೊರಗಿನದನ್ನ ಕೇಳಿ. ಅಲ್ಲಿ ಎಡಗಡೆ ಓಡಿಸೋದು, ಓವರ್‌ಟೇಕ್ ಬಲಗಡೆಯಿಂದ, ಮೋಟರ್‌ವೇಗೆ ಸೇರೋವಾಗಲೂ ಬಲಗಡೆನೇ ನೋಡ್ಬೇಕು, ಹುಡ್ ಹಾಕಿದ್ರೆ ಬಲ ಹೆಗಲ ಹಿಂದಿನ ಮೂಲೆ ಬಟ್ಟೆಲಿ ಮುಚ್ಚಿಹೋಗಿರತ್ತೆ, ಅದಕ್ಕೆ ದುಡ್ಡು ಒಂದಕ್ಕೇ ಇದ್ರೆ ಮೊದಲು ಬಲ ಬಾಗಿಲಿಗೆ ಹಾಕಿಸಿ.

ತೂತು ಬೇಡ ಅಂದ್ರಿ, ನನಗೆ ಅರ್ಥ ಆಗತ್ತೆ. ಕಿಟಕಿ ಚೌಕಟ್ಟಿಗೆ ಕ್ಲ್ಯಾಂಪ್ ಆಗೋವು ಇದಾವೆ, ಊರೊಳಗಿನ ಓಡಾಟಕ್ಕೆ ಪರವಾಗಿಲ್ಲ, ಮೋಟರ್‌ವೇ ಗಾಳಿಗೆ ತಿರುಗಿಬಿಡತ್ತೆ. ತೂತು ಹೊಡೆಯೋದೇ ಆದ್ರೆ ನೀವು ಸೀಟಲ್ಲಿ ಬೆಲ್ಟ್ ಹಾಕಿ ಕೂತಿರ್ಬೇಕು, ಇನ್ನೊಬ್ಬರು ಕನ್ನಡಿ ಹಿಡಿದು ಹಿಂದೆ ಮುಂದೆ ಸರಿಸ್ಬೇಕು, ಮುಂದಿನ ತ್ರಿಕೋನ ಕಿಟಕಿಯ ಕಂಬಿ ಅಡ್ಡ ಬರದ ಜಾಗ ಸಿಕ್ಕಾಗ ಪೆನ್ಸಿಲ್ ಗುರುತು. ಗಾಜು ಪೂರ್ತಿ ಇಳಿಸಿ ಒಳಗೆ ಅದು ಎಲ್ಲಿ ಹಾದುಹೋಗತ್ತೆ ಅಂತ ನೋಡಿ, ಉದ್ದದ ಸ್ಕ್ರೂ ಗಾಜಿಗೆ ಗೀರು ಹಾಕತ್ತೆ. ನನ್ನ ಸ್ನೇಹಿತರ ಕಾರಿಗೆ ಒಂದು ಗ್ಯಾರೇಜಲ್ಲಿ ತೂತು ಹೊಡೆದು ಅಂಚಿಗೆ ಬಣ್ಣ ಹಚ್ಚದೆ ಹಂಗೇ ಸ್ಕ್ರೂ ತಿರುಗಿಸಿ ಕೊಟ್ಟರು, ಎರಡು ಮಳೆಗಾಲ ಅಷ್ಟೇ, ಬಾಗಿಲ ಮೇಲೆ ಗುಳ್ಳೆ ಎದ್ದು ತುಕ್ಕು ಇಳಿದಿತ್ತು, ಅದನ್ನ ನೋಡಿ ನನಗೆ ನಿಜವಾಗಲೂ ಹೊಟ್ಟೆ ಉರೀತು. ತೂತಿನ ಅಂಚಿಗೆ ಜಿಂಕ್ ಪ್ರೈಮರ್, ಒಣಗಿದ ಮೇಲೆ ಬಣ್ಣ, ಕನ್ನಡಿ ಬುಡಕ್ಕೆ ರಬ್ಬರ್, ಈ ಮೂರು ಬಿಡಬೇಡಿ.

ಹೊಂದಿಸೋ ರೀತಿ ಜಾರ್ಜ್ ಪ್ಲಾಟ್ಜರ್ ಅನ್ನೋರು 1995ರಲ್ಲಿ ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಗೆ ಬರೆದಿದ್ದು, ನಾನು ಎಲ್ಲಾ ಕಾರಲ್ಲೂ ಇದನ್ನೇ ಮಾಡ್ತೀನಿ. ತಲೆ ಬಲ ಕಿಟಕಿ ಹತ್ತಿರ ತಂದು ಬಲ ಕನ್ನಡಿಯಲ್ಲಿ ನಿಮ್ಮ ಕಾರಿನ ಮೈ ಅಂಚು ಅಷ್ಟೇ ಕಾಣೋವರೆಗೂ ಹೊರಗೆ ತಿರುಗಿಸಿ, ಆಮೇಲೆ ತಲೆ ಕಾರಿನ ಮಧ್ಯಕ್ಕೆ ತಂದು ಎಡಕ್ಕೂ ಹಂಗೇ ಮಾಡಿ. ನೆಟ್ಟಗೆ ಕೂತಾಗ ನಿಮ್ಮ ಕಾರು ಕನ್ನಡಿಯಲ್ಲಿ ಕಾಣಲ್ಲ, ಮೊದಲೆರಡು ದಿನ ಏನೋ ಕಳಕೊಂಡ ಹಾಗೆ ಅನ್ಸತ್ತೆ. ಆದ್ರೆ ಹಿಂದಿನ ಗಾಡಿ ಒಳಗಿನ ಕನ್ನಡಿಯಿಂದ ಜಾರೋ ಹೊತ್ತಿಗೆ ಹೊರಗಿನದರಲ್ಲಿ ಬಂದಿರತ್ತೆ.

ರಾತ್ರಿ ಲೈಟ್ ಹೊಡೆಯೋದಕ್ಕೆ ಕಾರಣ ಎತ್ತರ, ನಿಮ್ಮ ಕಾರು ಒಟ್ಟು ಒಂದೂಕಾಲು ಮೀಟರ್, ಈಗಿನ ಎಸ್‌ಯುವಿ ಹೆಡ್‌ಲೈಟ್ ಹತ್ತಿರ ಹತ್ತಿರ ನಿಮ್ಮ ತಲೆ ಮಟ್ಟಕ್ಕೇ ಬರತ್ತೆ. ಒಳಗಿನ ಕನ್ನಡಿ ಕೆಳಗೆ ಪುಟ್ಟ ಲಿವರ್ ಇಲ್ಲಾಂದ್ರೆ ಅದಿರೋ ಥರದ್ದು ಹಾಕ್ಕೊಳ್ಳಿ, ಆ ರಾಡ್‌ಗೆ ಕೂರೋ ಅಂಥವೇ ಸಿಗ್ತಾವೆ. ಅದರ ಗಾಜು ಒಂದು ಕಡೆ ದಪ್ಪ ಒಂದು ಕಡೆ ತೆಳು, ಲಿವರ್ ತಿರುಗಿಸಿದ್ರೆ ಹಿಂದಿನ ಬೆಳ್ಳಿ ಲೇಪದ ಬೆಳಕು ಬೇರೆ ಕಡೆ ಹೋಗಿ ಮುಂದಿನ ಗಾಜಿನ ಮೈ ಕೊಡೋ ನೂರಕ್ಕೆ ನಾಲ್ಕರಷ್ಟು ಬೆಳಕು ಮಾತ್ರ ಕಣ್ಣಿಗೆ ಬರತ್ತೆ. ಹೊಂದಿಸೋದು ಮಾತ್ರ ಹಗಲಿನ ಸ್ಥಾನದಲ್ಲೇ ಮಾಡಿ.

ಮಡ್‌ಗಾರ್ಡ್ ಮೇಲಿನ ದುಂಡು ಕನ್ನಡಿ ಕೀಳಬೇಡಿ, ಕಿತ್ತರೆ ಅಲ್ಲಿ ಎರಡು ತೂತು ಮುಚ್ಚೋ ಕೆಲಸ ಬರತ್ತೆ. ಒಂದ್ಸಲ ಬಿಚ್ಚಿ ಬುಡದ ರಬ್ಬರ್ ಹೊಸದು ಹಾಕಿ, ತುಕ್ಕು ಶುರುವಾಗಿದೆಯಾ ನೋಡಿ ವಾಪಸ್ ಕೂರಿಸಿ.